ಬಯಲು ಸಭೆಯ ಭಾಷಣವನ್ನು ಪದಶಃ ದಾಖಲಿಸುವುದು ಹೇಗೆ

ದೀಪಾವಳಿ ಕಳೆದು ಗದ್ದೆಯ ಕೊಯ್ಲು ಮುಗಿಯುತ್ತ ಬಂದಂತೆ ಉತ್ತರ ಕನ್ನಡದಲ್ಲಿ ಬಯಲು ಸಭೆಗಳ ಕಾಲ ಆರಂಭವಾಗುತ್ತದೆ. ಕಾರವಾರದ ಮಾಲಾದೇವಿ ಮೈದಾನ, ಅಂಕೋಲೆಯ ಜೈಹಿಂದ್ ಮೈದಾನ, ಕುಮಟೆಯ ಮಣಕಿ ಮೈದಾನ, ಶಿರಸಿಯ ವಿಕಾಸಾಶ್ರಮ ಮೈದಾನ ಇವೆಲ್ಲ ಯಕ್ಷಗಾನಕ್ಕೂ ಪಂದ್ಯಾವಳಿಗೂ ಪ್ರಚಾರಸಭೆಗೂ ಒದಗಿಬರುವ ಬಯಲುಗಳು. ತೀವ್ರ ಬಲಪಂಥೀಯ ಸಂಘಟನೆಗಳು ಕರೆಯುವ ಸಭೆಗಳೂ ಇಂಥ ಬಯಲುಗಳಲ್ಲಿಯೇ ಸೇರುತ್ತವೆ. ಮಧ್ಯಾಹ್ನ ಮೆರವಣಿಗೆ, ಸಂಜೆ ವೇದಿಕೆ, ಊರಿನ ಮುಖಂಡರ ನಾಲ್ಕು ಮಾತು, ಕೊನೆಯಲ್ಲಿ ಹೊರಗಿನಿಂದ ಬಂದ ವಾಗ್ಮಿಯ ದಿಕ್ಸೂಚಿ ಭಾಷಣ ಎಂಬ ಕ್ರಮ ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ. ಮರುದಿನ ಬೆಳಿಗ್ಗೆ ಚಹಾದಂಗಡಿಗೆ ಹೋದರೆ ಅದೇ ಭಾಷಣದ ನಾಲ್ಕು ರೂಪಗಳು ಕಿವಿಗೆ ಬೀಳುತ್ತವೆ. ಒಬ್ಬರಿಗೆ ಅದು ಧೈರ್ಯ ತುಂಬಿದ ಮಾತು, ಇನ್ನೊಬ್ಬರಿಗೆ ಊರಿಗೆ ಬೆಂಕಿ ಇಡುವ ಮಾತು. ಭಾಷಣಕಾರರು ಬಳಸಿದ ಶಬ್ದಗಳು ಯಾವುವು ಎಂದು ಕೇಳಿದರೆ ಇಬ್ಬರಲ್ಲಿಯೂ ಉತ್ತರವಿರುವುದಿಲ್ಲ.

ಆ ಶಬ್ದಗಳನ್ನು ಹಿಡಿದಿಡುವ ಕೆಲಸವನ್ನು ತಾಲ್ಲೂಕು ವರದಿಗಾರನಾಗಿ ನಾನು ಬಹಳ ವರ್ಷ ಮಾಡಿದ್ದೇನೆ. ಅದನ್ನು ಹೊಸಬ ವರದಿಗಾರರೂ, ಶಾಂತಿ ಸಮಿತಿಗಳಲ್ಲಿ ಕೂರುವವರೂ, ತಮ್ಮೂರಿನ ಬಗ್ಗೆ ಕಾಳಜಿಯುಳ್ಳ ಯಾರೇ ಆದರೂ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಮೊಬೈಲು, ಒಂದು ನೋಟ್‌ಪುಸ್ತಕ ಮತ್ತು ಕೊನೆಯ ಮಾತಿನವರೆಗೆ ಕುಳಿತು ಕೇಳುವ ತಾಳ್ಮೆ.

ಈ ತಾಳ್ಮೆ ಏಕೆ ಬೇಕೆಂಬುದನ್ನು ನಮ್ಮ ಜಿಲ್ಲೆ ಕಷ್ಟಪಟ್ಟು ಕಲಿತಿದೆ. 2017ರ ಡಿಸೆಂಬರ್ 8ರಂದು ಹೊನ್ನಾವರದ ಶೆಟ್ಟಿಕೆರೆಯಲ್ಲಿ ತರುಣನೊಬ್ಬನ ಶವ ಸಿಕ್ಕಿತು. ಅವನನ್ನು ಹೀಗೆ ಹಿಂಸಿಸಿ ಕೊಂದರು ಎಂಬ ವಿವರಗಳು ವೈದ್ಯರ ವರದಿ ಬರುವ ಮೊದಲೇ ಮೊಬೈಲಿನಿಂದ ಮೊಬೈಲಿಗೆ ಹರಿದವು. ಡಿಸೆಂಬರ್ 11ರಂದು ಕುಮಟೆಯಲ್ಲಿ ಐಜಿಪಿಯವರ ಕಾರು ಸುಟ್ಟಿತು, ಮರುದಿನ ಶಿರಸಿಯ ಬಂದ್ ಹಿಂಸೆಗೆ ತಿರುಗಿತು. ತನಿಖೆ ನಡೆಸಿದ ಸಿಬಿಐ, ಅದು ಆಕಸ್ಮಿಕ ಸಾವು ಎಂಬ ವರದಿಯನ್ನು ಹೊನ್ನಾವರದ ನ್ಯಾಯಾಲಯಕ್ಕೆ ಸಲ್ಲಿಸಿದ್ದು 2022ರ ಅಕ್ಟೋಬರ್‌ನಲ್ಲಿ, ಅಂದರೆ ಸುಮಾರು ಐದು ವರ್ಷಗಳ ಬಳಿಕ. ಆ ಡಿಸೆಂಬರಿನಲ್ಲಿ ಬೀದಿಯಲ್ಲಿ, ವೇದಿಕೆಯ ಮೇಲೆ ಯಾರು ಏನೆಂದರು ಎಂಬುದರ ಪೂರ್ಣ ಪಠ್ಯ ನನ್ನ ಬಳಿಯೂ ಇಲ್ಲ. ಇದ್ದಿದ್ದರೆ ಎಂದು ಇಂದಿಗೂ ಅನ್ನಿಸುತ್ತದೆ.

ನಾನು ಮಾಡಿದ ತಪ್ಪು

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕರಾವಳಿಯ ಒಂದು ತಾಲ್ಲೂಕಿನ ಸಭೆಗೆ ಹೋಗಿದ್ದೆ. ರೆಕಾರ್ಡರ್ ಇರಲಿಲ್ಲ, ಮೈದಾನದ ತುದಿಯಲ್ಲಿ ನಿಂತು ಬರೆದುಕೊಂಡೆ. ಭಾಷಣಕಾರರು ಒಂದು ಸಮುದಾಯದವರ ಕುರಿತು "ಅವರನ್ನು ಕಡೀಬೇಕು" ಎಂದರೆಂದು ನನ್ನ ಕಿವಿಗೆ ಕೇಳಿಸಿತು, ಹಾಗೆಯೇ ಬರೆದೆ, ಅಚ್ಚಾಯಿತು. ಅವರು ಹೇಳಿದ್ದು "ತಡೀಬೇಕು" ಎಂದು. ಗ್ರಂಥಸ್ಥ ಭಾಷೆಯ ತಡೆಯುವುದು, ಕಡಿಯುವುದು ಎಂಬೆರಡು ಕ್ರಿಯೆಗಳು ಆಡುಮಾತಿಗೆ ಬಂದಾಗ ಒಂದೇ ಅಕ್ಷರದಷ್ಟು ದೂರದಲ್ಲಿ ನಿಲ್ಲುತ್ತವೆ, ಮತ್ತು ಹಾರ್ನ್ ಧ್ವನಿವರ್ಧಕ ಒಡೆಯುವುದು ಸರಿಯಾಗಿ ಅಲ್ಲಿಯೇ, ಶಬ್ದದ ಮೊದಲ ವ್ಯಂಜನದಲ್ಲಿ. ಸಂಘಟಕರ ಬಳಿ ಧ್ವನಿಮುದ್ರಣವಿತ್ತು. ನಮ್ಮ ಪತ್ರಿಕೆ ತಿದ್ದುಪಡಿ ಹಾಕಬೇಕಾಯಿತು.

ಅದೇ ಭಾಷಣದಲ್ಲಿ, ಸುಮಾರು ಹತ್ತು ನಿಮಿಷಗಳ ಬಳಿಕ, ಆ ಸಮುದಾಯದ ಹೆಣ್ಣುಮಕ್ಕಳ ಕುರಿತು ಅವರು ನಿಜವಾಗಿಯೂ ಆಡಿದ ಅಸಹ್ಯ ಮಾತೊಂದಿತ್ತು. ಅದನ್ನು ನಾನು ಸರಿಯಾಗಿಯೇ ಬರೆದಿದ್ದೆ. ನನ್ನ ಒಂದು ಅಕ್ಷರದ ತಪ್ಪಿನಿಂದ ವರದಿ ಪೂರ್ತಿ ಸುಳ್ಳೆಂದು ಊರು ನಂಬಿತು, ಆ ಮಾತು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಆ ಮಾತಿಗೆ ಗುರಿಯಾದವರ ಮನೆಗಳು ಮೈದಾನದಿಂದ ಎರಡು ಓಣಿಯ ಆಚೆ ಇದ್ದವು, ಧ್ವನಿವರ್ಧಕ ಅವರ ಜಗುಲಿಯವರೆಗೂ ಕೇಳಿಸುತ್ತಿತ್ತು. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯೂ ಆ ದಿನದಿಂದ ಹುಟ್ಟಿದ್ದು.

ಸಭೆಗೆ ಮೊದಲು ತಿಳಿದಿರಬೇಕಾದದ್ದು

ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನೂ, ಶಸ್ತ್ರವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ಎಲ್ಲ ನಾಗರಿಕರಿಗೆ ಕೊಟ್ಟಿದೆ. ನಮಗೆ ಸರಿಬೀಳದ ಸಂಘಟನೆಯವರೂ ಆ ನಾಗರಿಕರಲ್ಲಿ ಸೇರಿದ್ದಾರೆ. ಸರ್ಕಾರವನ್ನು ಕಟುವಾಗಿ ಟೀಕಿಸುವುದು, ತಮ್ಮ ಧರ್ಮವನ್ನು ಕೊಂಡಾಡುವುದು, ಒಂದು ಕಾನೂನು ಬೇಕೆಂದೋ ಬೇಡವೆಂದೋ ಗಂಟಲು ಹರಿಯುವಂತೆ ಕೂಗುವುದು ಅಪರಾಧವಲ್ಲ. ಬಾವುಟದ ಬಣ್ಣ ನೋಡಿ ಮನಸ್ಸಿನಲ್ಲಿಯೇ ತೀರ್ಪು ಬರೆದುಕೊಂಡು ಹೋದವನು ಭಾಷಣವನ್ನು ಕೇಳಿಸಿಕೊಳ್ಳಲಾರ.

ಗಡಿ ಎಲ್ಲಿದೆ ಎಂಬುದನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಹೇಳುತ್ತದೆ. ಅದರ 196ನೇ ಕಲಂ ಧರ್ಮ, ಜನಾಂಗ, ಜನ್ಮಸ್ಥಳ, ಭಾಷೆ, ಜಾತಿ ಮುಂತಾದ ಆಧಾರದ ಮೇಲೆ ಗುಂಪುಗಳ ನಡುವೆ ವೈರ ಬೆಳೆಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಇದಕ್ಕೆ 3 ವರ್ಷದವರೆಗೆ ಸೆರೆವಾಸವಿದೆ, ಪೂಜಾಸ್ಥಳದಲ್ಲಿ ನಡೆದರೆ 5 ವರ್ಷದವರೆಗೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ 153ಎ ಆಗಿತ್ತು, ಠಾಣೆಯಲ್ಲಿ ಹಲವರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಬರುತ್ತದೆ. ಉದ್ದೇಶಪೂರ್ವಕವಾಗಿ ಧಾರ್ಮಿಕ ಭಾವನೆಗೆ ಘಾಸಿ ಮಾಡುವುದಕ್ಕೆ 299ನೇ ಕಲಂ, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಉದ್ದೇಶದಿಂದ ಸುಳ್ಳು ಸುದ್ದಿ, ವದಂತಿ ಹಬ್ಬಿಸುವುದಕ್ಕೆ 353ನೇ ಕಲಂ ಇವೆ. ಮಾತಿನ ತೂಕವನ್ನು ಅಳೆಯುವಾಗ ಯಾರು, ಎಲ್ಲಿ, ಯಾವ ಸನ್ನಿವೇಶದಲ್ಲಿ, ಯಾರ ಮುಂದೆ ಆಡಿದರು ಎಂಬುದನ್ನೆಲ್ಲ ನೋಡಬೇಕೆಂದು ಸುಪ್ರೀಂ ಕೋರ್ಟ್ 2020ರ ಅಮೀಶ್ ದೇವಗನ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಶಬ್ದಗಳ ಜೊತೆಗೆ ಸನ್ನಿವೇಶವನ್ನೂ ಬರೆದುಕೊಳ್ಳುವುದು ನಿಮ್ಮ ಕೆಲಸದ ಭಾಗ.

ಸಭೆಗೆ ಕೊಟ್ಟ ಅನುಮತಿಯ ಷರತ್ತುಗಳನ್ನು ಮೊದಲೇ ತಿಳಿದುಕೊಳ್ಳಿ. ಮೆರವಣಿಗೆಯ ದಾರಿ, ಮುಗಿಸಬೇಕಾದ ಹೊತ್ತು, ಧ್ವನಿವರ್ಧಕದ ಬಳಕೆ ಮುಂತಾದವು ಠಾಣೆಯ ಅನುಮತಿ ಪತ್ರದಲ್ಲಿ ಇರುತ್ತವೆ. ಕೇಳಿದ ಕೂಡಲೇ ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ 150 ಶಬ್ದಗಳ ಒಳಗೆ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಉತ್ತರಕ್ಕೆ 30 ದಿನ ಹಿಡಿಯಬಹುದಾದ್ದರಿಂದ ಇದು ಸಭೆಯ ಬಳಿಕದ ಕೆಲಸಕ್ಕೆ ಒದಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಕೊಡಬಹುದಾದ ಸಡಿಲಿಕೆ ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗೆ ಮಾತ್ರ. ನಮ್ಮ ಕಡೆ ಬಯಲಾಟದ ಸಂಘಟಕರು ಈ ನಿಯಮವನ್ನು ಚೆನ್ನಾಗಿ ಬಲ್ಲರು. ರಾತ್ರಿ 10ರ ಮಿತಿ ರಾಜಕೀಯ ಸಭೆಗೂ ಅಷ್ಟೇ ಅನ್ವಯಿಸುತ್ತದೆ.

ಮೈದಾನದಲ್ಲಿ

ಅರ್ಧ ತಾಸು ಮೊದಲೇ ಹೋಗಿ. ಬೈಕನ್ನು ಹೊರಗಿನ ರಸ್ತೆಗೆ ಮುಖ ಮಾಡಿ ನಿಲ್ಲಿಸಿ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಲೇಸು. ಯಾವ ದಾರಿಯಲ್ಲಿ ಹೊರಬೀಳುವುದು, ಗದ್ದಲವಾದರೆ ಎಲ್ಲಿ ಸೇರುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪತ್ರಕರ್ತರಾಗಿದ್ದರೆ ಗುರುತಿನ ಚೀಟಿ ಕಾಣುವಂತಿರಲಿ. ಯಾರಾದರೂ ಬಂದು ಯಾಕೆ ರೆಕಾರ್ಡ್ ಮಾಡುತ್ತೀರಿ ಎಂದು ಕೇಳಿದರೆ ನಿಜವನ್ನೇ ಹೇಳಿ, ವಾದಕ್ಕೆ ನಿಲ್ಲಬೇಡಿ. ಮಾತು ಬಿರುಸಾದರೆ ಬಂದೋಬಸ್ತಿನ ಪೊಲೀಸರು ಇರುವ ಕಡೆಗೆ ಸರಿದುಬಿಡಿ. ಯಾವ ಧ್ವನಿಮುದ್ರಿಕೆಯೂ ನಿಮ್ಮ ಮೈಮೇಲಿನ ಏಟಿಗೆ ಸಮವಲ್ಲ.

ಭಾಷಣದ ನಡುವೆ ಎದ್ದು ಕೂಗಿ ಪ್ರತಿಭಟಿಸಬೇಕೆಂದು ಬಿಸಿರಕ್ತದವರಿಗೆ ಅನ್ನಿಸುವುದುಂಟು. ದಾಖಲಿಸಲು ಹೋದವರು ಹಾಗೆ ಮಾಡಬಾರದು, ಏಕೆಂದರೆ ಆ ಕ್ಷಣದಿಂದ ನೀವು ಸಾಕ್ಷಿಯಾಗಿ ಉಳಿಯುವುದಿಲ್ಲ, ಘಟನೆಯ ಒಂದು ಕಕ್ಷಿಯಾಗುತ್ತೀರಿ. 1934ರ ಜೂನ್ 7ರಂದು ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಆಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟ್ ಪಕ್ಷದ ಸಭೆ ನಡೆದಾಗ, ಅಡ್ಡಿಪಡಿಸಿ ಕೂಗಿದವರನ್ನು ಅವರ ಸ್ವಯಂಸೇವಕರು ಹೊಡೆದು ಹೊರಗೆಸೆದರು. ಆ ಸಂಜೆ ಅಲ್ಲಿ ಕುಳಿತಿದ್ದವರು ಕಣ್ಣಾರೆ ಕಂಡದ್ದನ್ನು ಬರೆದು ಹೇಳಿದ ಬಳಿಕ ಹಲವು ಪ್ರತಿಷ್ಠಿತರು ಆ ಪಕ್ಷದಿಂದ ದೂರ ಸರಿದರು.

ನಿಲ್ಲುವ ಜಾಗವನ್ನು ಗಾಳಿ ನೋಡಿ ಆರಿಸಿ. ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಕಡಲ ಕಡೆಯಿಂದ ಬೀಸುತ್ತದೆ. ಮೊಬೈಲಿನ ಮೈಕಿಗೆ ಅದು ನೇರವಾಗಿ ಬಡಿದರೆ ಮನೆಗೆ ಬಂದು ಕೇಳುವಾಗ ಬರೀ ಬುಸುಗುಡುವ ಸದ್ದಷ್ಟೇ ಸಿಗುತ್ತದೆ. ಕಡಲಿಗೆ ಬೆನ್ನು ಹಾಕಿ, ಮೊಬೈಲನ್ನು ಎದೆಯ ಮುಂದೆ ಹಿಡಿದು, ಮೈಕಿನ ತೂತಿನ ಮೇಲೆ ಕರವಸ್ತ್ರದ ಒಂದು ಪದರ ಹಾಕಿ. ಹಾರ್ನಿನ ಬಾಯಿಗೆ ತೀರ ಹತ್ತಿರ ನಿಂತರೆ ಸದ್ದು ಒಡೆಯುತ್ತದೆ, ಎರಡು ಹಾರ್ನುಗಳ ನಡುವೆ ನಿಂತರೆ ಮಾತು ಎರಡೆರಡು ಸಲ ಕೇಳಿ ಕಲಸಿಹೋಗುತ್ತದೆ. ಒಂದೇ ಹಾರ್ನಿಗೆ ಎದುರಾಗಿ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ನಿಂತದ್ದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದೆ. ಶಿರಸಿಯಲ್ಲಿ ಗಾಳಿಯ ಕಾಟ ಕಡಿಮೆ.

ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಇಲ್ಲದಿದ್ದರೆ ನಡುವೆ ಬರುವ ಕರೆ ಧ್ವನಿಮುದ್ರಣವನ್ನು ತುಂಡರಿಸುತ್ತದೆ. ಆರಂಭದಲ್ಲಿ ನಿಮ್ಮ ದನಿಯಲ್ಲಿಯೇ ದಿನಾಂಕ, ಹೊತ್ತು, ಸ್ಥಳ ಹೇಳಿ. ಬಳಿಕ ಸಭೆ ಮುಗಿಯುವವರೆಗೆ ನಿಲ್ಲಿಸಬೇಡಿ. ಬಿಸಿಬಿಸಿ ಮಾತು ಬಂದಾಗ ಮಾತ್ರ ಗುಂಡಿ ಒತ್ತುವವನ ಬಳಿ ಉಳಿಯುವುದು ತುಣುಕುಗಳು. ತುಣುಕಿಗೆ ಹಿಂದುಮುಂದಿಲ್ಲ ಎಂದು ಎದುರು ವಕೀಲರು ಹೇಳಿದರೆ ಅದು ನ್ಯಾಯವೇ ಆಗುತ್ತದೆ.

ಧ್ವನಿಮುದ್ರಣ ನಡೆಯುತ್ತಿದ್ದರೂ ಕೈಯಲ್ಲಿ ಬರೆಯಲೇಬೇಕು. ನನ್ನ ಪುಸ್ತಕದ ಎಡಗಡೆ ಎರಡು ಬೆರಳಗಲ ಅಂಚು ಬಿಟ್ಟಿರುತ್ತೇನೆ. ಅಲ್ಲಿ ಹೊತ್ತು, ಬಲಗಡೆ ಮಾತು. "6.42" ಎಂದು ಬರೆದು ಎದುರಿಗೆ ಆ ಕ್ಷಣದ ನಾಲ್ಕು ಶಬ್ದ ಬರೆದರೆ, ರಾತ್ರಿ ಎರಡು ತಾಸಿನ ಧ್ವನಿಯಲ್ಲಿ ಆ ಜಾಗವನ್ನು ಹುಡುಕಲು ಒಂದು ನಿಮಿಷ ಸಾಕು. ಮುದ್ರಿಕೆಗೆ ಸಿಗದ ಸಂಗತಿಗಳೂ ಆ ಅಂಚಿಗೆ ಬರುತ್ತವೆ: ಭಾಷಣಕಾರರು ಯಾವ ಕಡೆಗೆ ಬೆರಳು ತೋರಿಸಿದರು, ಅಲ್ಲಿ ಏನಿದೆ, ಮೆರವಣಿಗೆ ಯಾವ ಕಟ್ಟಡದ ಮುಂದೆ ಎಷ್ಟು ಹೊತ್ತು ನಿಂತಿತು, ಪಕ್ಕದ ಅಂಗಡಿಯವರು ಯಾವಾಗ ಶಟರ್ ಎಳೆದರು.

ಜನಸಂಖ್ಯೆಯ ವಿಷಯದಲ್ಲಿ ವೇದಿಕೆಯ ಘೋಷಣೆಯನ್ನೂ ನಂಬಬೇಡಿ, ನಿಮ್ಮ ಕಣ್ಣಂದಾಜನ್ನೂ ನಂಬಬೇಡಿ. ಕುರ್ಚಿ ಹಾಕಿದ್ದರೆ ಸಾಲುಗಳನ್ನು ಎಣಿಸಿ ಗುಣಿಸಿ. ನಿಂತ ಜನರಾದರೆ, ಸಡಿಲವಾಗಿ ನಿಂತಾಗ ಒಬ್ಬರಿಗೆ ಸುಮಾರು 10 ಚದರ ಅಡಿ, ಒತ್ತಾಗಿ ನಿಂತಾಗ ಸುಮಾರು 4.5 ಚದರ ಅಡಿ ಎಂಬುದು ವರದಿಗಾರರು ಬಳಸುವ ಲೆಕ್ಕ. 100 ಅಡಿ ಅಗಲ, 150 ಅಡಿ ಉದ್ದದ ಜಾಗ ಸಡಿಲವಾಗಿ ತುಂಬಿದ್ದರೆ ಅಲ್ಲಿರುವುದು 1,500 ಜನ, ಹದಿನೈದು ಸಾವಿರವಲ್ಲ.

ಯಾವ ಶಬ್ದಕ್ಕೆ ಕಿವಿಗೊಡಬೇಕು

ಮನೆಗೆ ಬಂದು ಪಠ್ಯ ಬರೆಯಲು ಕುಳಿತಾಗ ಈ ಕೆಲಸದ ಅತ್ಯಂತ ಕಠಿಣ ಭಾಗ ಎದುರಾಗುತ್ತದೆ. ಒಂದು ತಾಸಿನ ಭಾಷಣವನ್ನು ಪದಶಃ ಬರೆಯಲು ನನಗೆ ಐದಾರು ತಾಸು ಬೇಕಾಗುತ್ತದೆ. ಕೇಳಿಸದ ಜಾಗದಲ್ಲಿ ಊಹಿಸಿ ತುಂಬಬೇಡಿ, "ಅಸ್ಪಷ್ಟ" ಎಂದು ಬರೆದು ಹೊತ್ತು ನಮೂದಿಸಿ. ಅನುಮಾನವಿರುವ ಶಬ್ದವನ್ನು ಭಾಷಣಕ್ಕೆ ಹೋಗಿರದ ಇನ್ನೊಬ್ಬರಿಗೆ, ನೀವು ಏನು ಕೇಳಿದಿರಿ ಎಂಬುದನ್ನು ಹೇಳದೆ, ಕೇಳಿಸಿ. ಮೊದಲೇ ಹೇಳಿಬಿಟ್ಟರೆ ಅವರಿಗೂ ಅದೇ ಕೇಳಿಸುತ್ತದೆ. ತಡೀಬೇಕು, ಕಡೀಬೇಕು ಇವೆರಡನ್ನು ಬೇರೆ ಮಾಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಮೊದಲನೆಯದು ಸರ್ವನಾಮ. ಇಂಥ ಭಾಷಣಗಳಲ್ಲಿ ಸಮುದಾಯದ ಹೆಸರು ಬಾಯಲ್ಲಿ ಬರುವುದು ಅಪರೂಪ. "ಅವರು", "ಆ ಜನ", "ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಕೂತವರು" ಎಂಬ ಮಾತುಗಳೇ ಹೆಚ್ಚು. ಅವರು ಎಂದರೆ ಯಾರು ಎಂಬುದು ಐದು ನಿಮಿಷ ಹಿಂದೆ ಹೇಳಿದ ಒಂದು ಕಥೆಯಲ್ಲಿ, ಒಂದು ಉಡುಪಿನ ವರ್ಣನೆಯಲ್ಲಿ, ಒಂದು ಹಬ್ಬದ ಹೆಸರಿನಲ್ಲಿ ಗೊತ್ತಾಗಿರುತ್ತದೆ. ಆದ್ದರಿಂದ ಆಕ್ಷೇಪಾರ್ಹ ವಾಕ್ಯವನ್ನಷ್ಟೇ ಬರೆದರೆ ಅರ್ಥ ಕಳೆದುಹೋಗುತ್ತದೆ. ಸರ್ವನಾಮ ಯಾರನ್ನು ಸೂಚಿಸುತ್ತದೆಯೋ ಆ ಜಾಗದಿಂದಲೇ ಪಠ್ಯ ಆರಂಭವಾಗಬೇಕು. ನಾವು ಪತ್ರಿಕೆಯವರು "ಅನ್ಯಕೋಮಿನವರು" ಎಂದು ಬರೆದು ಇದೇ ಅಸ್ಪಷ್ಟತೆಯನ್ನು ಮುಂದುವರಿಸಿದ್ದೇವೆ, ಅದು ನಿಲ್ಲಬೇಕು. ಯಾರಿಗೆ ಅನ್ಯ ಎಂಬ ಪ್ರಶ್ನೆಗೆ ಆ ಶಬ್ದದಲ್ಲಿ ಉತ್ತರವಿಲ್ಲ.

ಎರಡನೆಯದು ಕ್ರಿಯಾಪದ. ಕನ್ನಡದ "ಬೇಕು" ಕರ್ತೃವನ್ನು ತೋರಿಸುವುದಿಲ್ಲ. "ಪಾಠ ಕಲಿಸಬೇಕು" ಎಂದಾಗ ಕಲಿಸಬೇಕಾದವರು ಸರ್ಕಾರವೋ, ನ್ಯಾಯಾಲಯವೋ, ಕೆಳಗೆ ಕುಳಿತಿರುವ ಇಪ್ಪತ್ತು ವರ್ಷದ ಹುಡುಗರೋ ಎಂಬುದು ವಾಕ್ಯದಲ್ಲಿಲ್ಲ. ಕೇಳುವವನು ಆ ಖಾಲಿ ಜಾಗದಲ್ಲಿ ತನ್ನನ್ನೇ ಕೂರಿಸಿಕೊಳ್ಳುತ್ತಾನೆ. "ಮುಂದಿನ ಚುನಾವಣೆಯಲ್ಲಿ ಪಾಠ ಕಲಿಸಬೇಕು" ಎಂದರೆ ಅದು ಮತದ ಮಾತು. "ಇವತ್ತು ರಾತ್ರಿ ಮನೆಗೆ ಹೋಗುವ ಮೊದಲು ಯೋಚನೆ ಮಾಡಿ, ಪಾಠ ಕಲಿಸಬೇಕು" ಎಂದರೆ ಅದು ಬೇರೆಯೇ ಮಾತು. "ಸುಮ್ಮನಿರುವುದಿಲ್ಲ", "ತಕ್ಕ ಉತ್ತರ ಕೊಡುತ್ತೇವೆ", "ಆಗಬೇಕಾದ್ದು ಆಗುತ್ತದೆ" ಇವುಗಳ ಹಿಂದುಮುಂದಿನ ವಾಕ್ಯಗಳಲ್ಲಿ ಕಾಲ, ಸ್ಥಳ, ಸಾಧನ ಯಾವುದಾದರೂ ಇದೆಯೇ ಎಂದು ನೋಡಿ. ಕತ್ತಿ, ಕಲ್ಲು, ಬೆಂಕಿ ಎಂಬ ನಾಮಪದಗಳು ಉಪಮೆಯಾಗಿ ಬಂದವೋ ಸಲಹೆಯಾಗಿ ಬಂದವೋ ಎಂಬುದನ್ನು ಪೂರ್ಣ ವಾಕ್ಯ ಮಾತ್ರ ಹೇಳಬಲ್ಲದು.

ಭಾಷಣಕಾರರು ಜನರಿಂದ ಉತ್ತರ ಪಡೆಯುವ ಜಾಗಗಳನ್ನು ವಿಶೇಷವಾಗಿ ಗುರುತಿಸಿ. "ಮಾಡ್ತೀರಾ, ಇಲ್ವಾ?" ಎಂದು ಕೇಳಿ ಎರಡು ಕ್ಷಣ ನಿಲ್ಲಿಸುತ್ತಾರೆ. "ಮಾಡ್ತೀವಿ" ಎಂದು ಜನ ಕೂಗುತ್ತಾರೆ. ಇಲ್ಲಿ ಕಾರ್ಯವನ್ನು ಹೆಸರಿಸಿದವರು ಒಬ್ಬರು, ಪ್ರತಿಜ್ಞೆ ಮಾಡಿದವರು ಇನ್ನೊಬ್ಬರು. ಎರಡನ್ನೂ, ನಡುವಿನ ಮೌನವನ್ನೂ ಬರೆಯಿರಿ.

ಮೂರನೆಯದು ಅಂಕಿಸಂಖ್ಯೆ. ಜಿಲ್ಲೆಯಲ್ಲಿ ಇಂತಿಷ್ಟು ಜನ ಹೆಚ್ಚಾದರು, ಇಷ್ಟು ಹೆಣ್ಣುಮಕ್ಕಳು ಕಾಣೆಯಾದರು ಎಂಬ ಲೆಕ್ಕಗಳು ಮೈಕಿನಲ್ಲಿ ಬಹಳ ಖಚಿತವಾಗಿ ಕೇಳಿಸುತ್ತವೆ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. 2021ರ ಗಣತಿ ಮುಂದಕ್ಕೆ ಹೋಯಿತು. ಆದ್ದರಿಂದ 2011ರ ಬಳಿಕದ ಯಾವುದೋ ವರ್ಷಕ್ಕೆ ಸಮುದಾಯವಾರು ಲೆಕ್ಕ ಹೇಳುವವರು ಗಣತಿಯನ್ನು ಓದುತ್ತಿಲ್ಲ, ಅಂದಾಜನ್ನು ಹೇಳುತ್ತಿದ್ದಾರೆ. ಕಾಣೆಯಾದವರ ಸಂಖ್ಯೆ ಹೇಳಿದರೆ, ಅವರಲ್ಲಿ ಪತ್ತೆಯಾದವರ ಸಂಖ್ಯೆಯನ್ನೂ ಪೊಲೀಸ್ ಇಲಾಖೆಯಿಂದ ಕೇಳಿ ಪಡೆದು ವರದಿಯಲ್ಲಿ ಪಕ್ಕದಲ್ಲಿಯೇ ಹಾಕಿ.

ಕಾನೂನಿನ ಹೆಸರು ಬಂದಾಗಲೂ ಹೀಗೆಯೇ ಪರಿಶೀಲಿಸಿ. 2022ರಲ್ಲಿ ಕಾಪುವಿನ ಮಾರಿಗುಡಿ ಸೇರಿದಂತೆ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ನಿರಾಕರಿಸಿದಾಗ, 2002ರ ಹಿಂದೂ ಧಾರ್ಮಿಕ ಸಂಸ್ಥೆಗಳ ನಿಯಮಾವಳಿಯ 31(12)ನೇ ನಿಯಮವನ್ನು ಮುಂದೆ ಮಾಡಲಾಯಿತು. ಆ ನಿಯಮ ಹೇಳುವುದು ಸಂಸ್ಥೆಯ ಆಸ್ತಿಯನ್ನು ಗುತ್ತಿಗೆಗೆ ಕೊಡುವ ಕುರಿತು. ಪೇಟೆಯಲ್ಲಿ ಯಾರು ಯಾರ ಅಂಗಡಿಯಲ್ಲಿ ಮೀನು, ಬಟ್ಟೆ, ಬಳೆ ಕೊಳ್ಳಬೇಕು ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ವೇದಿಕೆಯ ಮೇಲೆ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ವರದಿಯಲ್ಲಿ ನೀವು ಬಿಡಿಸಿ ಹೇಳಬೇಕು.

ಕಾರವಾರದ ಕಡೆ ಒಂದೇ ಭಾಷಣದಲ್ಲಿ ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಸೇರಿಕೊಂಡಿರುತ್ತವೆ. ಮಾತನ್ನು ಆಡಿದ ಭಾಷೆಯಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಅನುವಾದ ಕೊಡಿ. ಬೈಗುಳವನ್ನು ಅನುವಾದದಲ್ಲಿ ಮೆದುಗೊಳಿಸಬಾರದು, ಖಾರ ಮಾಡಲೂಬಾರದು.

ಗಡಿ ದಾಟಿದ್ದರೆ

ಪಠ್ಯ ಮುಂದಿಟ್ಟುಕೊಂಡು ಓದಿದ ಬಳಿಕ ಅಪರಾಧ ನಡೆದಿದೆ ಎನಿಸಿದರೆ, ಪಠ್ಯದ ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಮೊದಲ ಕೆಲಸವಾಗಬಾರದು. ಖಂಡಿಸುವ ಉದ್ದೇಶದಿಂದ ಹಂಚಿದ ದ್ವೇಷದ ಮಾತೂ ಮುಂದಿನ ಮೊಬೈಲಿಗೆ ದ್ವೇಷದ ಮಾತಾಗಿಯೇ ತಲುಪುತ್ತದೆ. ಠಾಣೆಗೆ ಲಿಖಿತ ದೂರು ಕೊಡುವುದು ಮೊದಲ ಕೆಲಸ. ಗಲಭೆ ಕಣ್ಣೆದುರೇ ಹೊತ್ತಿಕೊಳ್ಳುತ್ತಿದ್ದರೆ ಮಾತ್ರ 112ಕ್ಕೆ ಕರೆ ಮಾಡಿ.

ದೂರು ಒಂದೂವರೆ ಪುಟ ಮೀರದಿರಲಿ. ದಿನಾಂಕ, ಹೊತ್ತು, ಮೈದಾನ, ಸಂಘಟಕರ ಹೆಸರು ಕರಪತ್ರದಲ್ಲಿ ಇದ್ದಂತೆ, ಭಾಷಣಕಾರರ ಹೆಸರು, ಆಡಿದ ವಾಕ್ಯಗಳು ಉದ್ಧರಣ ಚಿಹ್ನೆಯೊಳಗೆ, ಪ್ರತಿಯೊಂದರ ಎದುರು ಧ್ವನಿಮುದ್ರಿಕೆಯ ನಿಮಿಷ, ಜನರ ಪ್ರತಿಕ್ರಿಯೆ, ಮೂಲ ಮುದ್ರಿಕೆ ನಿಮ್ಮ ಬಳಿ ಇದೆ ಎಂಬ ಮಾತು, ಇಷ್ಟು ಸಾಕು. ಸಂಘಟನೆಯ ಇತಿಹಾಸ, ಸಿದ್ಧಾಂತದ ವಿಮರ್ಶೆ ಇಲ್ಲಿ ಬೇಡ. ಸ್ವೀಕೃತಿ ಪಡೆಯದೆ ಠಾಣೆಯ ಮೆಟ್ಟಿಲು ಇಳಿಯಬೇಡಿ.

ಸಂಜ್ಞೇಯ ಅಪರಾಧದ, ಅಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ನಡೆಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಅಪರಾಧ ಪ್ರಕರಣಗಳ ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿಯಿಂದ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದೆ. ಹಾಗಾಗಿ ವಿಚಾರಣೆ ನಡೆಯುತ್ತಿದೆ ಎಂದರೆ ಎಂದಿನಿಂದ ಎಂದು ಕೇಳಿ, ದಿನ ಎಣಿಸಿ. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಕಾರವಾರದ ಎಸ್ಪಿ ಕಚೇರಿಗೆ ಕಳುಹಿಸಿ, ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ದ್ವೇಷ ಭಾಷಣಗಳ ಮೇಲೆ, ಯಾವ ಧರ್ಮದವರದೇ ಇರಲಿ, ದೂರಿಗೆ ಕಾಯದೆ ಪೊಲೀಸರೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. 2024ರ ಜನವರಿಯಲ್ಲಿ ಜಿಲ್ಲೆಯ ಆಗಿನ ಸಂಸದರ ಮಾತಿನ ಮೇಲೆ ಕುಮಟಾ ಪೊಲೀಸರು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿದ್ದರು. ಪ್ರಕರಣ ದಾಖಲಾಗುವುದೆಂದರೆ ಅಪರಾಧ ಸಾಬೀತಾಗುವುದಲ್ಲ, ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. 196ನೇ ಕಲಮಿನ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿಯೂ ಬೇಕು. ಎಷ್ಟೋ ಪ್ರಕರಣಗಳು ನಿಧಾನವಾಗುವುದು ಈ ಘಟ್ಟದಲ್ಲಿಯೇ, ಅನುಮತಿ ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳುತ್ತಿರಿ.

ಚುನಾವಣೆಯ ಹೊತ್ತಾದರೆ ಇನ್ನೊಂದು ದಾರಿಯಿದೆ. ಧರ್ಮ, ಜಾತಿಯ ಹೆಸರಿನಲ್ಲಿ ವೈರ ಬೆಳೆಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 125ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಕಳುಹಿಸಿದ ದೂರಿಗೆ 100 ನಿಮಿಷಗಳಲ್ಲಿ ಕ್ರಮವಾಗಬೇಕೆಂಬ ವ್ಯವಸ್ಥೆಯಿದೆ.

ಮುದ್ರಿಕೆಯನ್ನು ಕಾಪಾಡುವುದು

ಮೂಲ ಕಡತವನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ವೀಡಿಯೊ ಕುಗ್ಗುತ್ತದೆ, ಆದ್ದರಿಂದ ಅದು ಮೂಲವಲ್ಲ. ಸಭೆಯ ರಾತ್ರಿಯೇ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ವಿದ್ಯುನ್ಮಾನ ದಾಖಲೆ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ, ಒಳಗಿನ ಒಂದು ಚೂರು ಬದಲಾದರೂ ಅದು ಬೇರೆಯಾಗುತ್ತದೆ. ಊರಿನ ಕಂಪ್ಯೂಟರ್ ಬಲ್ಲ ಹುಡುಗರು ಇದನ್ನು ಐದು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಅದನ್ನು ಸಭೆಯ ಮರುದಿನವೇ ತೆಗೆದು, ನೋಟ್‌ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ.

ಮುದ್ರಿಕೆಯಲ್ಲಿ ಸಭೆಗೆ ಬಂದ ಮಕ್ಕಳ, ಹೆಂಗಸರ ಮುಖಗಳಿದ್ದರೆ ಪ್ರಕಟಿಸುವ ಪ್ರತಿಯಲ್ಲಿ ಅವನ್ನು ಮರೆಮಾಡಿ. ಕೇಳಲು ಬಂದವರೆಲ್ಲ ಒಪ್ಪಿದವರಲ್ಲ. ನೆಂಟರ ಜೊತೆ, ಸಂಘದವರ ಒತ್ತಾಯಕ್ಕೆ, ಬರೀ ಕುತೂಹಲಕ್ಕೆ ಬಂದವರೂ ಅಲ್ಲಿರುತ್ತಾರೆ.

3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಕಾಲಮಿತಿ 3 ವರ್ಷ. ಅಷ್ಟು ಕಾಲವಂತೂ ಮೂಲ ಮೊಬೈಲನ್ನು ಮಾರಬೇಡಿ, ಹಳೆಯದಾಯಿತೆಂದು ಮಕ್ಕಳಿಗೆ ಕೊಡಬೇಡಿ. ನಮ್ಮ ಕರಾವಳಿಯ ಮಳೆಗಾಲದ ತೇವ ಮೊಬೈಲನ್ನೂ ಪೆನ್‌ಡ್ರೈವನ್ನೂ ಬೇಗ ಕೆಡಿಸುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣವೊಂದರ ಜೊತೆ ಇಟ್ಟು, ಡಬ್ಬಿಯ ಮೇಲೆ ಸಭೆಯ ದಿನಾಂಕ, ಮೈದಾನದ ಹೆಸರು, ನೋಟ್‌ಪುಸ್ತಕದ ಪುಟಸಂಖ್ಯೆ ಬರೆದು ಅಂಟಿಸಿ.